ಕೈ ಊರು

ಸೋಮವಾರ, ಗುರುವಾರ ಪ್ಯಾಟಿ.
ಆ ಎರಡು ದಿನ ಬ್ಯಾಡಗಿಯಲ್ಲಿ
ಪಾಠಕ್ಕಿಂತ ಮೊದಲು ಸೀನು ಬರುತ್ತದೆ.
ಕಿಟಕಿ ಮುಚ್ಚಿದರೂ ಎಂಟನೆಯ 'ಬ' ವರ್ಗಕ್ಕೆ
ಯಾರ್ಡಿನ ಘಾಟು
ಹಾಜರಿ ಕೂಗುವ ಮೊದಲೇ ಬಂದು ಕೂತಿರುತ್ತದೆ.

ಹಲಗೆಯ ಮೇಲೆ ಪ್ರಬಂಧದ ವಿಷಯ: ನನ್ನ ಕೈ.
ನಲವತ್ತು ತಲೆ ಬಗ್ಗಿದವು.
ಫಕ್ಕೀರವ್ವ ಮೋಟೆಬೆನ್ನೂರ ಮಾತ್ರ
ಎರಡೂ ಅಂಗೈ ಕಿಟಕಿಯ ಸರಳಿಗೆ ಹಚ್ಚಿ ನಿಂತಿದ್ದಳು.
ಕಬ್ಬಿಣ ತಣ್ಣಗಿರುತ್ತದಲ್ಲ.

'ಯಾಕವಾ, ಬರೆಯೂದಿಲ್ಲೇನು?'
'ರಾತ್ರಿ ಅವ್ವನ ಕೂಡ ತುಂಬು ಬಿಡಿಸೇನ್ರಿ ಅಕ್ಕೋರ.
ಎರಡು ಚೀಲ. ಪೆನ್ನು ಹಿಡದ್ರ ಉರೀತಾವ್ರಿ.'

ಹೋದ ವರ್ಷವಾಗಿದ್ದರೆ
ನೆವ ಅಂತ ಬರೆದುಕೊಳ್ಳುತ್ತಿದ್ದೆ, ಕೆಂಪು ಶಾಯಿಯಲ್ಲಿ.

ಕಪಾಟಿನಲ್ಲಿ ಒಂದು ಟ್ಯಾಬ್ ಇತ್ತು.
ದಲಾಲಿ ಅಂಗಡಿಯವರು ಕೊಟ್ಟದ್ದು,
ಹಾರ, ಫೋಟೊ ಎಲ್ಲ ಮುಗಿದ ಮೇಲೆ ಕೀಲಿ ಜಡಿದಿಟ್ಟದ್ದು.
ಕೀಲಿ ಕೊಡುವಾಗ ಬಂಕಾಪುರ ಹೆಡ್‌ಮಾಸ್ತರರು ಅಂದರು:
'ಹುಡುಗ್ರು ಬರೆಯೂದ ಮರೀತಾವ ನೋಡ್ರಿ.'
ಅವರ ಮಾತಲ್ಲಿ ಸುಳ್ಳಿರಲಿಲ್ಲ.
ಕೀಲಿ ಇಸಗೊಂಡೆ.

ನನ್ನ ಮೊಬೈಲಿನ ನೆಟ್ ಕೊಟ್ಟು, ಮೈಕಿನ ಚಿತ್ರ ಒತ್ತಿ,
'ಹೇಳು' ಅಂದೆ.
ಅಷ್ಟರಲ್ಲಿ ಹಿಂದಿನ ಬೆಂಚಿನ ಗುಡ್ಡಪ್ಪ ಸೀನಿದ.
ಪರದೆಯ ಮೇಲೆ ಮೂಡಿತು: ಅಕ್ಷಿ.
'ಅಕ್ಷಿ ಅಂದ್ರ ಕಣ್ಣು' ಅಂದುಬಿಟ್ಟೆ, ಕಲಿಸುವ ಚಟ.
ಮುಂದೆ ಇಡೀ ವರ್ಗ ಪಾಳಿ ಹಚ್ಚಿ ಸೀನಿ
ಪರದೆ ತುಂಬ ಕಣ್ಣು ಬಿಡಿಸಿತು. ಹತ್ತು ನಿಮಿಷ ಹೋಯಿತು.
ಹೋಗಲಿ.

ಕೊನೆಗೆ ಅವಳು, ಟ್ಯಾಬಿಗೆ ಬೆನ್ನು ಕೊಟ್ಟು,
ಸರಳಿಗೆ ಹೇಳಿದಂತೆ ಹೇಳಿದಳು:
ನನ್ನ ಕೈ ಉರಿ.
ತಡೆದು ತಡೆದು ಬಂದವು ಅಕ್ಷರ:
ನನ್ನ ಕೈ ಊರು.

ವರ್ಗ ನಕ್ಕಿತು. ಅಳಿಸಲು ಬೆರಳೆತ್ತಿದೆ.
'ಬ್ಯಾಡ್ರಿ. ಇರ್ಲಿ ಅದು.'
ಅಂಗೈ ಊದಿಕೊಳ್ಳುತ್ತ ಬಂದು ನೋಡಿದಳು,
ಬೇರೆ ಯಾರೋ ಬರೆದದ್ದನ್ನು ನೋಡುವ ಹಾಗೆ.
ಆಮೇಲೆ ನಿಲ್ಲಲಿಲ್ಲ.

*ನನ್ನ ಕೈ ಊರು. ಐದು ಓಣಿ ಅದಾವು.
ಹೆಬ್ಬೆರಳಿನ ಓಣ್ಯಾಗ ಅವ್ವ ಇರತಾಳ, ಅಲ್ಲಿ ಉಗುರು ಕರ್ರಗ.
ನಡುಬೆರಳು ಉದ್ದನ ಓಣಿ, ದೀಪ ಇಲ್ಲ.
ಕಿರುಬೆರಳಿನಾಗ ತಮ್ಮ ಮಲಗ್ಯಾನ,
ಅಲ್ಲಿಗೆ ಖಾರ ಹತ್ತಗೊಡಂಗಿಲ್ಲ.
ಈ ಊರಾಗ ಯಾರೂ ಕಣ್ಣು ಒರಸಿಕೊಳ್ಳೂದಿಲ್ಲ.*

ನಡುವೆ ಒಂದು ಕಡೆ ಯಂತ್ರ ಬರೆಯಿತು:
ಅವ್ವ ತುಂಬಿ ಬಿಡಿಸುತ್ತಾಳೆ.
ಎಷ್ಟು ಚೆಂದ ಅನಿಸಿತು ನನಗೆ!
ಬೊಗಸೆ ತೆರೆದು ತುಂಬಿಯನ್ನು ಹಾರಲು ಬಿಡುವ ಒಬ್ಬ ತಾಯಿ.
'ಇದೂ ಇರ್ಲೇಳ' ಅಂದೆ, ಆಸೆಯಿಂದ.

ಫಕ್ಕೀರವ್ವ ನನ್ನನ್ನು ನೋಡಿದಳು.
'ಅದು ಸುಳ್ಳರಿ ಅಕ್ಕೋರ.
ನಮ್ಮವ್ವ ಬಿಡಿಸೂದು ತುಂಬು. ಕಿಲೋಕ್ಕ ಇಷ್ಟು ಅಂತ.'
ಬೆರಳ ಗಿಣ್ಣಿನಿಂದ ಒತ್ತಿ ಒತ್ತಿ
ತುಂಬಿಯ ಗುಡಿಸು ತೆಗೆದು ಕೊಂಬು ಕೊಟ್ಟಳು.
ಒಂದು ತಪ್ಪನ್ನು ಇಟ್ಟುಕೊಂಡವಳು
ಇನ್ನೊಂದನ್ನು ಯಾಕೆ ಬಿಟ್ಟಳು ಅಂತ
ಬಿ.ಎಡ್. ಪುಸ್ತಕದಲ್ಲಿ ಇರಲಿಲ್ಲ.

ಸಂಜೆ ಪರದೆ ಒರೆಸಿ ಕೀಲಿ ಹಾಕಿದೆ,
ಮರೆತು ಕಣ್ಣುಜ್ಜಿಕೊಂಡೆ.
ಮನೆ ಮುಟ್ಟುವವರೆಗೂ ಚೀಲ ಹೊತ್ತ ಟ್ರಾಕ್ಟರುಗಳು
ನೀರಲ್ಲಿ ತೇಲಿದವು.

ಶುಕ್ರವಾರ. ಪ್ಯಾಟಿ ಇಲ್ಲ, ಗಾಳಿ ತಿಳಿ.
ಅಂಕಪಟ್ಟಿಯಲ್ಲಿ ಕೈಬರಹಕ್ಕೆ ಐದು ಅಂಕದ ಕಾಲಂ
ಇನ್ನೂ ಖಾಲಿ. ಅಷ್ಟರಲ್ಲಿ ಪಟ್ಟಿ ತಂದಿಟ್ಟಳು.
ಎಲ್ಲವನ್ನೂ ತನ್ನ ಕೈಯಿಂದ ನಕಲು ತೆಗೆದಿದ್ದಾಳೆ,
ಅಂಚಿನಲ್ಲಿ ಹೆಬ್ಬೆರಳಿನ ಕೆಂಪು ಗುರುತು.
ಒಂದೇ ಕಡೆ ಕಾಟು ಹೊಡೆದು ತಿದ್ದಿದ್ದಾಳೆ,
'ದೀಪ ಇಲ್ಲ' ಅಂತ ಇದ್ದಲ್ಲಿ:

*ದೀಪ ಐತಿ. ಕರೆಂಟಿಲ್ಲ.*